ಸೊನ್ನೆ ಬಲದ ಕಾರ್ಡು

ಹೊಳೆಮಣ್ಣೂರ
6 ಡಿಸೆಂಬರ್ 2009, ರವಿವಾರ

ಪ್ರೀತಿಯ ನಿರ್ಮಲಾ,

'ಪ್ರೀತಿಯ' ಅಂತ ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಸುಮಾರು ಹೊತ್ತು ಕುಳಿತಿದ್ದೆ. ಕಡೆಗೆ ಕೈಯ ರೂಢಿಯೇ ಗೆದ್ದಿತು. ಮೊದಲೇ ಹೇಳಿಬಿಡುತ್ತೇನೆ, ಇದು ಸಿಟ್ಟಿನ ಪತ್ರ. ಮನೆಮಂದಿಯ ನಡುವೆ ಕೂತು ಓದಬೇಡ, ಒಬ್ಬಳೇ ಓದು. ನಾವಿಲ್ಲಿ ಆರಾಮ ಇದ್ದೇವೆ. ನಮ್ಮ ವಿಷಯ ಅಷ್ಟಕ್ಕೇ ಸಾಕು.

ನೀನು ಗಜೇಂದ್ರಗಡದಿಂದ ಕಳಿಸಿದ ನಮ್ಮ 'ಸೀಮಿ' ಆಟದ ಕಾರ್ಡುಗಳು ಸೋಮವಾರ ಮುಟ್ಟಿದವು. ಜೊತೆಗೆ ನಿನ್ನ ಎರಡು ಸಾಲಿನ ಚೀಟಿ. ಹೊಳೆ ಉಕ್ಕಿ ಬಂದದ್ದರ ಮೇಲೆ ಹೊಸ ಕಾರ್ಡು ಮಾಡಿದ್ದೇನೆ, ಭಾಳ ಚಲೋ ಬಂದಾವ, ಲಗೂ ನೋಡಿ ತೂಕ ಹೇಳು, ಪ್ರೆಸ್ಸಿಗೆ ಕೊಡಬೇಕು ಅಂತ ಬರೆದಿದ್ದೀಯ. ತೂಕ ತಾನೆ ಕೇಳಿದ್ದು? ಹೇಳುತ್ತೇನೆ.

ಈ ಆಟ ಹುಟ್ಟಿದ್ದು ನರಗುಂದದಲ್ಲಿ, ನಾವಿಬ್ಬರೂ ಟೀಚರ್ ಟ್ರೇನಿಂಗ್ ಮಾಡುವಾಗ, ಒಂದೇ ಖೋಲಿಯಲ್ಲಿ ಇದ್ದ ದಿನಗಳಲ್ಲಿ. ಪಾಠ ಮಾಡಲು ಹೋದ ಸಾಲಿಯಲ್ಲಿ ಹುಡುಗರೆಲ್ಲ ಬಬಲ್‌ಗಮ್ಮಿನ ಜೊತೆ ಬರುವ ಪೈಲ್ವಾನರ ಕಾರ್ಡಿಗೆ ಬಡಿದಾಡುತ್ತಿದ್ದರು. ಪರದೇಶದ ಪೈಲ್ವಾನರ ಎತ್ತರ, ತೂಕ ಎಲ್ಲಾ ಬಾಯಿಪಾಠ. ತಮ್ಮ ಊರಿನ ಹಳ್ಳ ಎಲ್ಲಿ ಹುಟ್ಟುತ್ತದೆ ಅಂದರೆ ಗೊತ್ತಿಲ್ಲ. ನಮ್ಮ ಸೀಮಿಯ ಕಾರ್ಡೇ ಮಾಡೋಣ ಅಂದವಳು ನೀನು. ಚಿತ್ರ ನಿನ್ನದು, ತೂಕ ನನ್ನದು ಅಂತ ಅವತ್ತೇ ಹಂಚಿಕೊಂಡೆವು. ಯಾವ ಕಾರ್ಡನ್ನು ಮಕ್ಕಳು ಮೊದಲು ಕಸಿದುಕೊಳ್ಳುತ್ತಾರೆ, ಯಾವುದನ್ನು ಮುಟ್ಟುವುದೇ ಇಲ್ಲ, ಮೂಲೆಯಲ್ಲಿ ಬರೆದ ಬಲ ಸರಿಯೋ ತಪ್ಪೋ, ಇದನ್ನೆಲ್ಲ ಆಡಿಸಿ ನೋಡಿ ಹೇಳುವುದು ನನ್ನ ಕೆಲಸ.

ನಿನ್ನ 'ಎತ್ತಿನ ಜೋಡಿ'ಗೆ ಹತ್ತು ಬಲ ಕೊಟ್ಟಿದ್ದಿ. ಅದು ಸಿಕ್ಕವನೇ ಗೆಲ್ಲುತ್ತಾನೆ, ಉಳಿದವರು ಆಕಳಿಸುತ್ತಾರೆ ಅಂದೆ. ಎರಡು ದಿನ ಮಾತು ಬಿಟ್ಟಿ, ಆಮೇಲೆ ನೀನೇ ಆರಕ್ಕೆ ಇಳಿಸಿದಿ. ನೆಲದೊಳಗೆ ಜೋಳ ತುಂಬಿಡುವ 'ಹಗೇವು' ಕಾರ್ಡನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಅದರಲ್ಲಿಟ್ಟ ಕಾಳು ಮುಂದಿನ ಆಟಕ್ಕೂ ಉಳಿಯಲಿ ಅಂತ ನಾನು ಹೇಳಿದ ಮೇಲೆ ಮಕ್ಕಳು ಅದಕ್ಕೆ ಕಾಯತೊಡಗಿದರು. ಇಷ್ಟು ವರ್ಷ ನನ್ನನ್ನು ಕೇಳದೆ ನೀನು ಒಂದು ಅಂಕಿಯನ್ನೂ ಬರೆದವಳಲ್ಲ. ಈ ಸಲ ಚಿತ್ರ, ಅಂಕಿ, ಅಡಿಬರಹ ಎಲ್ಲ ನೀನೂ ನಿನ್ನ ಅಣ್ಣ ಸಂಗನಬಸವನೂ ಕೂಡಿ ಮುಗಿಸಿ, ಮೇಲೊಂದು ಮುದ್ರೆ ಒತ್ತಲಿಕ್ಕೆ ಮಾತ್ರ ನನಗೆ ಕಳಿಸಿದ್ದೀರಿ.

'ಸಾಹೇಬರ ಭೇಟಿ' ಅಂತ ಒಂದು ಕಾರ್ಡು, ಬಲ ಒಂಬತ್ತು. 'ದೋಣಿ'ಗೆ ಮೂರು. ಹೊಳೆ ಸುತ್ತುವರಿದಾಗ ಸಾಹೇಬರು ಬಂದರೆ ಎಷ್ಟು ಬಲ, ದೋಣಿ ಬಂದರೆ ಎಷ್ಟು ಬಲ ಅಂತ ಇಲ್ಲಿಯ ಯಾವ ಕೂಸನ್ನು ಕೇಳಿದ್ದರೂ ಹೇಳುತ್ತಿತ್ತು. ಇದನ್ನು ನಾನು ನಕ್ಕು ತಿದ್ದಬಹುದಿತ್ತು. ಆದರೆ ಅದರ ಕೆಳಗೇ 'ಮಾಳಗಿ ಮುದುಕಿ' ಇತ್ತು.

ಪೇಪರಿನಲ್ಲಿ ಬಂದಿದ್ದ ಫೋಟೋ ನೋಡಿ ಚಿತ್ರ ಬರೆದಿದ್ದೀಯ. ಸುತ್ತ ಕೆಂಪು ನೀರು, ಮಾಳಗಿಯ ಮೇಲೆ ಟ್ರಂಕಿಗೆ ಆತು ಕುಳಿತ ಮುದುಕಿ. ಬಲ ಸೊನ್ನೆ. ಕೆಳಗೆ, 'ಹಟ ಹಿಡಿದು ಮನೆ ಬಿಡುವುದಿಲ್ಲ. ಇವಳು ಕೈಗೆ ಬಂದರೆ ಒಂದು ಸರದಿ ಹೋಯಿತು.' ಆಕೆಗೊಂದು ಹೆಸರಿದೆ ನಿರ್ಮಲಾ. ಸಿದ್ದವ್ವ. ನಮ್ಮ ಓಣಿಯವಳು. ಈಗ ನಮ್ಮ ಪಕ್ಕದ ತಗಡಿನ ಶೆಡ್ಡಿನಲ್ಲೇ ಇರುತ್ತಾಳೆ. ಮಧ್ಯಾಹ್ನ ನಾನು ಕಲಿಸುವ ಸಾಲಿಯ ಬಾಗಿಲಿಗೆ ಬಂದು ಕೂತು ಮಕ್ಕಳ ಗದ್ದಲ ಕೇಳುವುದು ಆಕೆಯ ರೂಢಿ. ಅದು ನನಗೆ ಗೊತ್ತಿತ್ತು, ಆ ಕಾರ್ಡನ್ನು ಮೊದಲೇ ತೆಗೆದಿಡಬೇಕೆಂದೂ ಇದ್ದೆ. ಆದರೆ ಬುಧವಾರ ನಾನು ಮಧ್ಯಾಹ್ನದ ಹಾಜರಿ ಹಾಕುವಷ್ಟರಲ್ಲಿ ನಾಲ್ಕು ಹುಡುಗರು ಕಟ್ಟು ಬಿಚ್ಚಿ ಆಟ ಶುರು ಮಾಡಿಬಿಟ್ಟಿದ್ದರು.

ನಮ್ಮ ಆಟದ ಪದ್ಧತಿಯೇ ಆಕೆಗೆ ಮುಳುವಾಯಿತು. ನಾಲ್ಕು ಮಂದಿ ದುಂಡಗೆ ಕೂಡುವುದು, ಒಬ್ಬೊಬ್ಬರ ಕೈಗೆ ನಾಲ್ಕು ಕಾರ್ಡು, ಬೇಕಾದ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಪಕ್ಕದವನಿಗೆ ದಾಟಿಸುವುದು. ಮೊದಲನೆಯವನು 'ಸಾಹೇಬರ ಭೇಟಿ' ಇಟ್ಟುಕೊಂಡು ಸಿದ್ದವ್ವನನ್ನು ದಾಟಿಸಿದ. ಎರಡನೆಯವನು ಮೂಗು ಮುರಿದು ದಾಟಿಸಿದ. ಮೂರನೆಯವನು ಕಿಸಕ್ಕನೆ ನಕ್ಕ. ಕಡೆಗೆ ನಾಲ್ಕನೆಯವನಾದ ಅಕೀಬನ ಕೈಗೆ ಬಂದಾಗ ಅವನಿಗೆ ಬೇರೆ ಕಾರ್ಡೇ ಇರಲಿಲ್ಲ. ಈ ಮುದುಕಿ ನನಗ್ಯಾಕ ಗಂಟು ಬಿದ್ಲು ಅಂತ ಅವನು ಕಾರ್ಡನ್ನು ನೆಲಕ್ಕೆ ಬೀಸಿ ಒಗೆದ. ಅದು ಹೋಗಿ ಬಿದ್ದದ್ದು ಬಾಗಿಲ ಬಳಿ.

ಸಿದ್ದವ್ವ ಎತ್ತಿಕೊಂಡಳು. ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು. ಆಕೆಗೆ ಓದಲು ಬಾರದು. ಏನ ಬರದೈತಿ ಓದಪಾ ಅಂತ ಅಕೀಬನನ್ನೇ ಕೇಳಿದಳು. ನಾನು ಬೇಡ ಅನ್ನುವಷ್ಟರಲ್ಲಿ ಅವನು ಪಾಠ ಒಪ್ಪಿಸುವ ಹಾಗೆ ಗಟ್ಟಿಯಾಗಿ ಓದಿಬಿಟ್ಟ. ಸೊನ್ನೆ ಅಂದದ್ದೂ ಕೇಳಿತು, ಹಟ ಅಂದದ್ದೂ ಕೇಳಿತು. ಆಕೆ ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಹುಡುಗರ ಮುಖ ಒಂದೊಂದಾಗಿ ನೋಡಿ ಕೇಳಿದಳು: "ನನ್ನ ಯಾರೂ ತುಗೊಳ್ಳಿಲ್ಲೇನ್ರೋ?"

ಆಟ ಬಂದ್ ಮಾಡಿಸಿ ಕಾರ್ಡುಗಳನ್ನೆಲ್ಲ ಕಸಿದುಕೊಂಡೆ.

ಈಗ ನೀನು ಬರೆಯದೇ ಬಿಟ್ಟದ್ದನ್ನು ಹೇಳುತ್ತೇನೆ. ಪೇಪರಿನವರು ಕಂಡದ್ದು ಹೊಳೆ ಬಂದ ಮಾರನೆಯ ಮುಂಜಾನೆಯ ಸಿದ್ದವ್ವನನ್ನು, ಅದೂ ಆಚೆ ದಂಡೆಯಿಂದ. ನಾನು ಹಿಂದಿನ ದಿನ ಸಂಜಿಮುಂದ ಆಕೆಯಿಂದ ಒಂದು ಮಾರು ದೂರದಲ್ಲಿದ್ದೆ. ನೀರು ಏರಿ ನಮ್ಮ ಓಣಿಯವರೆಲ್ಲ ಅದೇ ಮಾಳಗಿಗೆ ಹತ್ತಿದ್ದೆವು. ಅದೊಂದೇ ಎತ್ತರದ್ದು. ದೋಣಿ ಎರಡು ಸಲ ಬಂದು ಮಕ್ಕಳನ್ನು, ಬಾಣಂತಿಯರನ್ನು ಒಯ್ದಿತ್ತು. ಮೂರನೆಯ ಸಲ ಬಂದಾಗ ಕತ್ತಲಾಗುತ್ತಿತ್ತು, ಸೆಳವು ಹೆಚ್ಚಾಗಿತ್ತು. ಇದೇ ಕಡೇ ಸರ್ತಿ ಅಂತ ದೋಣಿಯವರು ಹೇಳಿಯೇಬಿಟ್ಟರು. ಮಿಕ್ಕವರೆಲ್ಲ ಹತ್ತಿ ಒಬ್ಬರಿಗೆ ಜಾಗ ಉಳಿದಿತ್ತು, ಮಾಳಗಿಯ ಮೇಲೆ ಇಬ್ಬರು ಉಳಿದಿದ್ದರು. ಸಿದ್ದವ್ವ ಆಗಲೇ ಒಂದು ಕಾಲು ದೋಣಿಯಲ್ಲಿ ಇಟ್ಟಿದ್ದಳು. ತಿರುಗಿ ನೋಡಿ ಕಾಲು ಹಿಂದಕ್ಕೆ ತೆಗೆದಳು.

"ಖಾತುನಬಿ, ನೀ ಹತ್ತು. ಮುರದ ಕಾಲ್ಲೆ ನೀ ರಾತ್ರಿ ತಡ್ಯಾಂಗಿಲ್ಲ. ನಾ ತಡೀತೀನಿ."

ಖಾತುನಬಿ ನನ್ನ ಅವ್ವ. ಅವತ್ತು ಮನೆಯ ಗ್ವಾಡಿ ಬಿದ್ದು ಅವಳ ಎಡಗಾಲು ಮುರಿದಿತ್ತು. ದೋಣಿಯೊಳಗಿಂದ ಅವಳ ಬಗಲಿಗೆ ಕೈ ಕೊಟ್ಟು ಎಳೆದುಕೊಂಡವಳು ನಾನೇ. ಅವಳು ಬರುವುದಿಲ್ಲ ಅಂತ ಅಳುತ್ತಿದ್ದಳು, ಸಿದ್ದವ್ವ ಮೇಲಿಂದ ದಬ್ಬುತ್ತಿದ್ದಳು. ಹಟ ಅಂದರೆ ಅದು. ಟ್ರಂಕು ಸಹ ಆಕೆಯದಲ್ಲ, ಯಾರದ್ದೋ; ನೆನೆದ ಮಣ್ಣಿನ ಮಾಳಗಿ ಕುಸಿಯುತ್ತದೆಂದು ಗಟ್ಟಿ ಮೂಲೆ ಹುಡುಕಿ ಅಲ್ಲಿದ್ದ ಟ್ರಂಕಿಗೆ ಆತು ಕುಳಿತಿದ್ದಳು.

ಬುಧವಾರ ಸಂಜೆಯೇ ನಿನಗೆ ಫೋನ್ ಹಚ್ಚಿದೆ. ಎತ್ತಿದವನು ನಿನ್ನ ಅಣ್ಣ. ನಾನು ಎಲ್ಲ ಹೇಳಿದೆ. ಅವನು ಸಮಾಧಾನದಿಂದಲೇ ಮಾತಾಡಿದ, ಅದೇ ನನಗೆ ಹೆಚ್ಚು ಉರಿಯಿತು. ಆಟ ಅಂದ ಮೇಲೆ ಯಾವುದೋ ಒಂದು ಕಾರ್ಡು ಎಲ್ಲಕ್ಕಿಂತ ಕೆಳಗೆ ಇರಲೇಬೇಕಂತೆ. ಚಿತ್ರ ಅಷ್ಟು ಚಲೋ ಬಂದಿದೆ, ತೆಗೆದರೆ ಕಟ್ಟು ಸಪ್ಪಗಾಗುತ್ತದಂತೆ. ಕಡೆಗೆ, ಒಬ್ಬ ಹಳ್ಳಿ ಮುದುಕಿಯ ಮುಖ ಯಾರಿಗೆ ಗುರುತು ಸಿಗುತ್ತದೆ ಶಬಾನಾ ಅಂದ.

"ಆಕಿಗೆ ಸಿಕ್ತರಿ ಅಣ್ಣಾರ," ಅಂದೆ. ಅವನು ಫೋನ್ ಇಟ್ಟ. ನಿನ್ನನ್ನು ಕರೆಯಲೂ ಇಲ್ಲ, ನಾನು ಕೇಳಲೂ ಇಲ್ಲ.

ಸಿಟ್ಟನ್ನು ಬದಿಗಿಟ್ಟು, ನೀನು ಒಪ್ಪಿಸಿದ ಕೆಲಸದ ಮಾತನ್ನೇ ಹೇಳುತ್ತೇನೆ. ಅದು ಕೆಟ್ಟ ಕಾರ್ಡು. ಆರಿಸಿಕೊಳ್ಳುವುದೇ ಆಟವಾದಾಗ ಯಾರೂ ಆರಿಸಲು ಆಗದ ಕಾರ್ಡನ್ನು ಒಳಗೆ ಹಾಕಿದರೆ, ಕಡೆಗೆ ಕುಳಿತವನಿಗೆ ಸುಮ್ಮನೆ ಶಿಕ್ಷೆ ಕೊಟ್ಟಂತೆ. ಅಕೀಬ ಏನು ತಪ್ಪು ಮಾಡಿದ್ದ? ಇದನ್ನು ನನಗಿಂತ ಮೊದಲು ನೀನು ಕಾಣಬೇಕಿತ್ತು.

ಶುಕ್ರವಾರ ನಾನು ಒಂದು ರಟ್ಟಿನ ತುಂಡಿನ ಮೇಲೆ ಬೇರೆ ಬರೆದೆ. ಹೆಸರು ಸಿದ್ದವ್ವ, ಆಕೆಯನ್ನು ಕೇಳಿಯೇ ಹಾಕಿದೆ. 'ಇವಳನ್ನು ಇಟ್ಟುಕೊಂಡವನು ಒಂದು ಸರದಿ ಬಿಡಬೇಕು. ಹೊಳೆ ಬಂದಾಗ ತನಗೆ ಬೇಕಾದ ಒಬ್ಬ ಆಟಗಾರನನ್ನು ಉಳಿಸಿಕೊಳ್ಳಬಹುದು.' ಅದೇ ನಾಲ್ವರನ್ನು ಕೂರಿಸಿದೆ. ಎಲ್ಲರೂ ಕಣ್ಣೀರು ಹಾಕಿ ಆ ಕಾರ್ಡಿಗೆ ಕೈ ಚಾಚಿದರು ಅಂತ ನಾನು ಸುಳ್ಳು ಬರೆಯುವುದಿಲ್ಲ. ಇಬ್ಬರು ಮತ್ತೆ ದಾಟಿಸಿದರು. ಮೂರನೆಯವನು ಬಾಗಿಲ ಕಡೆ ನೋಡಿ, ತಲೆ ಕೆರೆದುಕೊಂಡು ಇಟ್ಟುಕೊಂಡ. ಆಟದಿಂದ ಹೊರಹಾಕುವ ಹೊಳೆ ಕಾರ್ಡು ಬಿದ್ದಾಗ ಅಕೀಬನನ್ನು ಉಳಿಸಿದ. ಆಟ ಗೆದ್ದವನು ಅಕೀಬ. ಉಳಿಸಿದವನು ಸೋತು, ಮುಖ ಊದಿಸಿಕೊಂಡು ಮನೆಗೆ ಹೋದ. ಹಾಗೇ ಇರಲಿ. ಆಕೆಯ ಬಲ ಏರಿಸಿ ಸಿಹಿ ಮಾಡುವುದು ನನಗೆ ಬೇಡ. ಇಟ್ಟುಕೊಂಡವನಿಗೆ ನಷ್ಟವೇ, ಅವತ್ತು ಸಿದ್ದವ್ವನಿಗೂ ನಷ್ಟವೇ ಆಗಿತ್ತು. ಆ ರಾತ್ರಿ ಹಿಡಿದ ಕೆಮ್ಮು ಇನ್ನೂ ಬಿಟ್ಟಿಲ್ಲ.

ಈ ತಿದ್ದುಪಡಿ ಹಾಕಿದರೆ ಡಬ್ಬಿಯ ಮೇಲೆ ನನ್ನ ಹೆಸರು ಇರಲಿ. ಇಲ್ಲವಾದರೆ ನನ್ನ ಹೆಸರು ತೆಗೆ, ನಾನು ತೂಗಿದ ಕಾರ್ಡುಗಳನ್ನೂ ತೆಗೆ. 'ಎತ್ತಿನ ಜೋಡಿ'ಯನ್ನು ಮತ್ತೆ ಹತ್ತಕ್ಕೆ ಏರಿಸಿಕೊಂಡು ಅಣ್ಣ ತಂಗಿ ಆಡಿಕೊಳ್ಳಿರಿ. ನೀನು ಬಿಡಿಸಿದ ಆ ಕಾರ್ಡನ್ನು ತಿರುಗಿ ಕಳಿಸುತ್ತಿಲ್ಲ. ಹರಿಯಲು ಹೋದೆ, ಕೈ ಬರಲಿಲ್ಲ. ಚಿತ್ರ ನಿಜವಾಗಿಯೂ ಚೆನ್ನಾಗಿದೆ, ಅದೇ ನನ್ನ ಹೊಟ್ಟೆ ಉರಿಸುವುದು. ಅವಸರದಲ್ಲಿ ಗೀಚಿದ್ದರೆ ಕ್ಷಮಿಸಬಹುದಿತ್ತು. ನೀನು ಆಕೆಯ ಸೀರೆಯ ತೇಪೆ ಕೂಡ ಬಿಡದೆ ಬರೆದಿದ್ದೀಯ. ಅಷ್ಟು ಹೊತ್ತು ಆ ಮುಖದ ಮುಂದೆ ಕೂತವಳಿಗೆ, ಈಕೆ ಯಾರು ಅಂತ ನನ್ನನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವೇ?

ಇಷ್ಟಾದರೂ ನಿನ್ನ ಗೆಳತಿಯೇ ಆದ,
ಶಬಾನಾ

ತಾ.ಕ.: ಪತ್ರ ಮಡಚುವಾಗ ಸಿದ್ದವ್ವ ಬಂದಳು. ಆ ಹುಡುಗಿಗೆ ಬೈದು ಬರದಿ ಏನು ಅಂದಳು. ಹೌದು ಅಂದೆ. ಭಾಳ ಬೈಬ್ಯಾಡ, ಬಂದು ಹೋಗು ಅಂತ ಬರಿ ಅಂದಳು. ಮೂಗು ಆಕೆಯದಲ್ಲವಂತೆ, ಎದುರಿಗೆ ಕೂತು ಬರೆದರೆ ಸರಿ ಬರುತ್ತದಂತೆ. ನಾನು ನಿನ್ನನ್ನು ಕರೆಯಬಾರದು ಅಂತಲೇ ಇದ್ದೆ. ಹೊಳೆ ಇಳಿದ ಮೇಲೆ ರೋಣದಿಂದ, ನರಗುಂದದಿಂದ, ಗುರುತಿಲ್ಲದ ಊರುಗಳಿಂದ ಮಂದಿ ನಮ್ಮನ್ನು ನೋಡಲು ಬಂದು ಹೋದರು. ಟೆಂಪೋ ನಿಂತಾಗಲೆಲ್ಲ ನಾನು ಸಾಲಿ ಬಿಟ್ಟು ರಸ್ತೆಗೆ ಹೋಗಿ ನೋಡುತ್ತಿದ್ದೆ. ನೀನು ಒಂದು ಸಲವೂ ಇಳಿಯಲಿಲ್ಲ ನಿರ್ಮಲಾ.