ಭಾನುವಾರ ನೋಡುವ ಮನೆಗಳು

ಆಗಸ್ಟ್ 17, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಭಾವನಿಗೂ ತಿಳಿಸು. ನಿನ್ನ ಕಾಗದ ಬಂದು ತಿಂಗಳು ಕಳೆಯಿತು, ಇವಳಿಂದ ಉತ್ತರವೇ ಇಲ್ಲ ಎಂದು ಮುನಿಸಿಕೊಂಡಿದ್ದರೆ ಅದು ನ್ಯಾಯವೇ. ಆದರೆ ನನ್ನ ಮನೆ ನಿನಗೆ ಗೊತ್ತಲ್ಲ. ನಾನು ಪೆನ್ನು ಹಿಡಿದರೆ ಯಾರಿಗೆ ಎಂದು ಅತ್ತೆ ಕೇಳುತ್ತಾರೆ, "ನಾನೂ ಕೇಳಿದೆ ಅಂತ ಬರಿಯಮ್ಮ" ಎಂದು ಮಾವ ಹೇಳುತ್ತಾರೆ, ನಾದಿನಿ ಹೆಗಲ ಮೇಲಿಂದ ಬಗ್ಗಿ ಓದಿ ನನ್ನ ಒತ್ತಕ್ಷರ ತಿದ್ದುತ್ತಾಳೆ. ಇವತ್ತು ಮೂವರೂ ಇಲ್ಲ. ಇವರು ಮಾತ್ರ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದಾರೆ. ಮೂವರೂ ಎಲ್ಲಿಗೆ ಹೋದರು ಎನ್ನುವುದೇ ಒಂದು ಕಥೆ. ನಿಧಾನವಾಗಿ ಹೇಳುತ್ತೇನೆ, ಕೇಳು.

ಮೊದಲು ನಿನ್ನ ಸರದ ವಿಷಯ. "ಮನೆ ಕೊಳ್ಳೋಕೆ ಕಡಿಮೆ ಬಿದ್ದರೆ ನನ್ನ ಸರ ಇದೆ, ಕತ್ತಲ್ಲಿ ಸುಮ್ಮನೆ ಜೋತಾಡ್ತಾ ಇದೆ" ಎಂದು ಬರೆದಿದ್ದೆಯಲ್ಲ, ಅಂಗಡಿ ಕೆಲಸದ ನಡುವೆ ಗಿರಾಕಿಯ ಕನ್ನಡಕದ ಗಾಜು ಒರೆಸುತ್ತಾ ಅದನ್ನು ಓದಿದವಳು ನನ್ನ ಕಣ್ಣನ್ನೇ ಒರೆಸಿಕೊಳ್ಳಬೇಕಾಯಿತು. ಹಾಗೆ ಬರೆದೆಯಲ್ಲ, ಅಷ್ಟೇ ಸಾಕು. ಸರ ಬೇಡ ಅಕ್ಕ, ಅದು ಅಲ್ಲೇ ಜೋತಾಡಲಿ. ಏಕೆಂದರೆ ನಾವು ವಾರವಾರ ನೋಡಿದ ಮನೆಗಳಲ್ಲಿ ಮುಕ್ಕಾಲು ಪಾಲು ಕೊಳ್ಳುವುದಕ್ಕೆಂದು ನೋಡಿದವೇ ಅಲ್ಲ.

ನಗಬೇಡ. ನಮ್ಮದು ಒಂದು ಹಜಾರ, ಒಂದು ಅಡುಗೆಮನೆ, ನಡುವೆ ಒಂದು ಪರದೆ. ಪರದೆಯ ಈಚೆ ನಾವಿಬ್ಬರು, ಆಚೆ ಅವರು ಮೂವರು. ರಾತ್ರಿ ನಾನು ಇವರ ಕಿವಿಯಲ್ಲಿ ಗ್ಯಾಸ್‌ಗೆ ಹೇಳಬೇಕು ಎಂದು ಪಿಸುಗುಟ್ಟಿದರೆ ಆಚೆಯಿಂದ ಮಾವ "ಹೇಳಿ ಆಯ್ತಮ್ಮ" ಎನ್ನುತ್ತಾರೆ. ಅವರನ್ನು ದೂರುವುದಕ್ಕಲ್ಲ ಇದು. ಮಾವ ನನಗಿಂತ ಮೊದಲು ಎದ್ದು ನೀರು ಹಿಡಿದಿಡುತ್ತಾರೆ, ಅತ್ತೆ ನನ್ನ ಡಬ್ಬಿ ಕಟ್ಟುತ್ತಾರೆ. ಇಂಥ ಮನೆ ಎಷ್ಟು ಜನಕ್ಕೆ ಸಿಗುತ್ತದೆ ಹೇಳು. ಕೊರತೆ ಏನಿದ್ದರೂ ಒಂದು ಗೋಡೆಯದು, ಆ ಗೋಡೆಗೊಂದು ಬಾಗಿಲಿನದು.

ಮೊದಲ ಮನೆಯನ್ನು ಕೊಳ್ಳುವ ಆಸೆಯಿಂದಲೇ ನೋಡಲು ಹೋದೆವು. ತೋರಿಸಿದವರು ಒಬ್ಬ ದಲ್ಲಾಳಿ. ಸೊಂಟದಲ್ಲಿ ಅಷ್ಟುದ್ದ ಕೀಲಿ ಗೊಂಚಲು ಇರುವುದರಿಂದ ನಾವು ಅವರಿಗೆ ಬೀಗದಕೈ ಮಾಮ ಎಂದು ಹೆಸರಿಟ್ಟಿದ್ದೇವೆ. ಬೆಲೆ ಹೇಳಿದಾಗ ಇವರು ಕೆಮ್ಮಿದರು, ನಾನು ಸೂರು ನೋಡಿದೆ. ಅಷ್ಟರಲ್ಲಿ ಮಾಮನಿಗೆ ಫೋನು ಬಂತು, ಮಾತಾಡುತ್ತಾ ಕೆಳಗಿಳಿದರು. ಇವರು ಚಿಲಕ ಸರಿಯಾಗಿ ಕೂರುತ್ತದೆಯೋ ಎಂದು ರೂಮಿನ ಬಾಗಿಲು ಹಾಕಿದರು. ಲಿಫ್ಟ್ ರಿಪೇರಿ ಮಾಡುವವರಿಗೆ ಯಾವ ಬಾಗಿಲು ಕಂಡರೂ ಹಾಕಿ ತೆಗೆಯುವ ಚಾಳಿ. ಬಾಗಿಲು ಕೂತಿತು. ಒಳಗೆ ನಾವಿಬ್ಬರೇ.

ಆಗ ಏನು ಮಾಡಿದೆವು ಗೊತ್ತೇ? ಜಗಳ. ಮದುವೆಯಾದ ಮೇಲೆ ಮೊದಲ ಸಲ ಬಾಯಿತುಂಬ ಜಗಳವಾಡಿದೆವು.

"ನನ್ನ ಹೊಸ ಚಪ್ಪಲಿ ನೋಡಿ, ಇದೇನು ದೋಣಿ ಅಂತ ಎಲ್ಲರೆದುರು ನಕ್ಕಿರಲ್ಲ, ಅದೇನು?" ಎಂದೆ.

"ಅದು ಹೋದ ವರ್ಷದ ಮಾತಲ್ವೇನೆ."

"ಹೋದ ವರ್ಷ ಜಗಳ ಆಡೋಕೆ ಜಾಗ ಎಲ್ಲಿತ್ತು?"

ಇವರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ನನಗೂ. ಮಾಮ ಮೇಲೆ ಬಂದು "ರೂಮು ಹೇಗಿದೆ?" ಎಂದರೆ ಇಬ್ಬರೂ ಒಂದೇ ಉಸಿರಿಗೆ "ತುಂಬ ಚೆನ್ನಾಗಿದೆ" ಎಂದೆವು. ಅದಕ್ಕಿಂತ ಸತ್ಯದ ಮಾತು ನಾನು ಆಡಿಯೇ ಇಲ್ಲ.

ಅಂದಿನಿಂದ ಭಾನುವಾರ ಬಂತೆಂದರೆ ಮನೆ ನೋಡುವುದು. ಕೊಳ್ಳುವ ಯೋಗ್ಯತೆಯೇ ಇಲ್ಲವೆಂದ ಮೇಲೆ ಸಣ್ಣದನ್ನು ನೋಡುವುದೇಕೆ? ದೊಡ್ಡ ದೊಡ್ಡವನ್ನೇ ನೋಡಿದೆವು. ಒಂದರ ಬಚ್ಚಲೇ ನಮ್ಮ ಹಜಾರದಷ್ಟಿತ್ತು. ಖಾಲಿ ರೂಮಿನ ನೆಲದ ಮೇಲೆ ಕೂತು ಇವರು ತಮ್ಮ ಕೆಲಸದ ಭಯ ಹೇಳಿಕೊಂಡದ್ದು, ನಾನು ಅಮ್ಮನ ನೆನಪು ತೆಗೆದು ಅತ್ತದ್ದು ಎಲ್ಲ ಯಾರದೋ ಮನೆಗಳಲ್ಲಿ.

ಹೀಗೆಯೇ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಶಾಲೆಯ ಹಿಂದೆ ಒಂದು ಮನೆ ನೋಡಿದೆವು. ಚಿಕ್ಕದು, ಮೊದಲ ಮಹಡಿ, ಎರಡು ರೂಮು. ಅತ್ತೆಗೆ ಈ ಕಿಟಕಿ, ನಾದಿನಿಯ ಪುಸ್ತಕಕ್ಕೆ ಆ ಗೂಡು ಎಂದು ನಾನು ಒಳಗೊಳಗೇ ಹಂಚತೊಡಗಿದೆ. ಇವರ ಮುಖ ನೋಡಿದರೆ ಅವರೂ ಅದನ್ನೇ ಮಾಡುತ್ತಿದ್ದರು. ಅವತ್ತು ಬಾಗಿಲು ಹಾಕುವುದನ್ನೂ ಮರೆತೆವು.

ಆಗ ನಿನಗೆ ಬರೆದದ್ದು, ಬ್ಯಾಂಕಿಗೆ ಹೋದದ್ದು. ಅಲ್ಲಿದ್ದ ಹೆಂಗಸು ಒಳ್ಳೆಯವರು, ಮತ್ತೆ ಮತ್ತೆ ಲೆಕ್ಕ ಹಾಕಿ ನೋಡಿದರು. "ಇಬ್ಬರ ಸಂಬಳಾನೂ ಕಂತಿಗೆ ಹೋದರೆ ಊಟಕ್ಕೇನು ಮಾಡ್ತೀರಪ್ಪ?" ಎಂದರು.

"ನಾನು ಕಡಿಮೆ ತಿಂತೀನಿ ಮೇಡಂ" ಎಂದರು ಇವರು.

ಆಕೆ ಇವರ ಹೊಟ್ಟೆ ನೋಡಿದರು, ನಕ್ಕರು, ಆಮೇಲೆ ಆಗುವುದಿಲ್ಲ ಎಂದರು. ಬರುವಾಗ ದಾರಿಯುದ್ದಕ್ಕೂ ಇವರು ಆಕೆ ಕೊಟ್ಟ ಲೆಕ್ಕದ ಚೀಟಿ ಬಿಚ್ಚಿ ಬಿಚ್ಚಿ ನೋಡಿದರು. ಮನೆಯಲ್ಲಿ ಬಿಚ್ಚುವ ಹಾಗಿರಲಿಲ್ಲ.

ಮುಂದಿನ ಭಾನುವಾರ ಬೀಗದಕೈ ಮಾಮನ ಮುಂದೆ ನಿಂತು, ನಮ್ಮ ಕೈಲಾಗಲ್ಲ, ಇಷ್ಟು ದಿನ ನಿಮ್ಮನ್ನು ಸುಮ್ಮನೆ ಅಲೆಸಿದೆವು ಎಂದು ಹೇಳಿದೆವು. ಅವರು ಬೈಯಲಿಲ್ಲ.

"ಎರಡನೇ ಮನೇಲೇ ಗೊತ್ತಾಯ್ತಮ್ಮ. ಮನೆ ಕೊಳ್ಳೋರು ನಲ್ಲಿ ತಿರುಗಿಸ್ತಾರೆ, ಗೋಡೆ ತಟ್ಟುತ್ತಾರೆ. ನೀವಿಬ್ಬರು ಬಾಗಿಲು ಹಾಕ್ಕೊಳ್ತೀರಿ. ನನಗೆ ಅಷ್ಟೊಂದು ಫೋನು ಎಲ್ಲಿಂದ ಬರಬೇಕು? ಕೆಳಗೆ ನಿಂತು ಸುಮ್ಮನೆ ಕಿವಿಗಿಟ್ಟುಕೊಂಡಿರ್ತಿದ್ದೆ."

ಅಕ್ಕ, ಭೂಮಿ ಬಾಯಿ ಬಿಟ್ಟಿದ್ದರೆ ಸಂತೋಷವಾಗಿ ಇಳಿದುಬಿಡುತ್ತಿದ್ದೆ. ಇವರಂತೂ ಲಿಫ್ಟ್‌ನಲ್ಲಿ ಸಿಕ್ಕಿಹಾಕಿಕೊಂಡವರ ಹಾಗೆ ನಿಂತಿದ್ದರು.

ಅಲ್ಲಿಗೆ ಮುಗಿಯಲಿಲ್ಲ. ಎರಡು ದಿನ ಬಿಟ್ಟು ಮಾಮ ನಮ್ಮ ಮನೆಗೇ ಬಂದರು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಅತ್ತೆಯ ಮುಂದೆ ಕೂತು, "ಹುಡುಗರಿಗೆ ಮನೆ ನೋಡೋಕೆ ಬರಲ್ಲಮ್ಮ, ಬರೀ ಬಣ್ಣ ನೋಡ್ತಾರೆ. ಒಲೆ ಎಲ್ಲಿರಬೇಕು, ಬಟ್ಟೆ ಎಲ್ಲಿ ಒಣಗಬೇಕು ಅನ್ನೋದು ನಿಮಗೆ ಗೊತ್ತು. ಇನ್ನು ಮೇಲೆ ಭಾನುವಾರ ನೀವು, ಯಜಮಾನರು ಬನ್ನಿ" ಎಂದರು.

"ದುಡ್ಡಿಲ್ಲದೋರು ನೋಡಿ ಏನು ಮಾಡೋದು?" ಎಂದರು ಮಾವ.

"ನೋಡೋಕೆ ನಾನೇನೂ ತಗೊಳ್ಳಲ್ಲ."

ಅತ್ತೆ ಒಂದು ಗಳಿಗೆ ಪರದೆಯ ಕಡೆ ನೋಡಿದರು. ಆಮೇಲೆ "ಬರ್ತೀವಿ" ಎಂದರು. ಭಾನುವಾರ ಮೂವರೂ ಹೊರಟು ನಿಂತರು. ನಾದಿನಿ ಓದಬೇಕು ಎಂದು ರಾಗ ಎಳೆದಾಗ ಅತ್ತೆ "ಪುಸ್ತಕ ಅಲ್ಲಿಗೇ ತಗೊಂಡು ಬಾರೆ" ಎಂದು ಅವಳ ಕೈ ಹಿಡಿದೆಳೆದರು. ಹೊಸಿಲು ದಾಟಿದ ಮೇಲೆ ಬಾಗಿಲನ್ನು ತಾವೇ ಹೊರಗಿನಿಂದ ಎಳೆದುಕೊಂಡರು.

ಆಮೇಲೆ ನಾವೇನು ಮಾಡಿದೆವು ಎಂದು ಕೇಳುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತು. ಎಲ್ಲವನ್ನೂ ಕಾಗದದಲ್ಲಿ ಬರೆಯಲಾಗುತ್ತದೆಯೇ.

ಅದು ಹೀಗೇ ನಡೆದುಕೊಂಡು ಬಂದಿದೆ. ಅತ್ತೆ ಹಿಂತಿರುಗಿ, "ಅಡುಗೆಮನೆ ಪರವಾಗಿಲ್ಲ, ಹೊಗೆ ಹೋಗೋಕೆ ದಾರಿ ಇಲ್ಲ, ಬೇಡ ಅಂದೆ" ಎಂದು ಕೋಟಿಯ ಮನೆಯನ್ನು ಬೇಡವೆಂದು ಬಂದ ಗತ್ತಿನಲ್ಲಿ ಹೇಳುತ್ತಾರೆ. ಶಾಲೆಯ ಹಿಂದಿನ ಮನೆ ಬೇರೆಯವರ ಪಾಲಾಯಿತು. ಆ ಬೀದಿಗೆ ಹೋದಾಗ ಈಗಲೂ ಆ ಕಿಟಕಿಯ ಕಡೆ ತಲೆ ಎತ್ತಿ ನೋಡುತ್ತೇನೆ. ಆದರೂ ಸರ ಕೊಡುತ್ತೇನೆನ್ನುವ ಅಕ್ಕ, ಸುಳ್ಳು ಫೋನಿನ ಮಾಮ, ಬಾಗಿಲು ಎಳೆದುಕೊಳ್ಳುವ ಅತ್ತೆ ಇದ್ದಾರೆ. ಇಷ್ಟು ಜನ ನನ್ನ ಕಡೆ ಇರುವಾಗ ಮುಖ ಸಣ್ಣ ಮಾಡಿಕೊಂಡು ಕೂರಲು ನನಗೆ ನಾಚಿಕೆಯಾಗುತ್ತದೆ. ಕೊಳ್ಳುವ ಆಸೆಯನ್ನೇನೂ ಬಿಟ್ಟಿಲ್ಲ.

ನಿನ್ನ ಮಕ್ಕಳು ಚೆನ್ನಾಗಿರಲಿ, ನಿನ್ನ ಮನೆ ತುಂಬಿರಲಿ. ನೀನು ಮನಸ್ಸಿನಲ್ಲೇ ನಮ್ಮಿಬ್ಬರ ತಲೆ ಸವರಿಬಿಡು, ತಲುಪುತ್ತದೆ.

ಸದಾ ಹಿಂದೆಯೇ ಬರುತ್ತೇನೆಂದು ನೀನೇ ಹೆಸರಿಟ್ಟ, ನಿನ್ನ
ಬಾಲ

ಮತ್ತೆ ಸೇರಿಸಿದ್ದು: ಕಾಗದ ಮಡಿಸುತ್ತಿದ್ದೆ, ಅತ್ತೆ ಒಬ್ಬರೇ ಮೇಲೆ ಬಂದರು. ಮಾವ, ನಾದಿನಿ ಕೆಳಗೆ ಮಾಮನ ಹತ್ತಿರ ಮಾತಾಡುತ್ತಿದ್ದರು. ಮನೆ ಹೇಗಿತ್ತು ಎಂದೆ. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಸಣ್ಣ ದನಿಯಲ್ಲಿ ಹೇಳಿದರು: "ನಿನ್ನ ನಾದಿನಿ ಮಹಡಿ ನೋಡೋಕೆ ಹೋಗಿದ್ದಳು. ನಿಮ್ಮ ಮಾವ ರೂಮಿನ ಬಾಗಿಲು ಹಾಕಿ ನನ್ನ ಹೆಸರು ಹಿಡಿದು ಕರೆದರು ಕಣೆ. ಯಾರನ್ನ ಕರೀತಿದಾರೆ ಅಂತ ನಾನು ಹಿಂದಕ್ಕೆ ತಿರುಗಿ ನೋಡಿದೆ."

"ಆಮೇಲೆ?" ಎಂದೆ.

"ಆಮೇಲೇನು. ಏನು ಮಾತಾಡಬೇಕು ಅಂತ ಇಬ್ಬರಿಗೂ ತಿಳೀಲಿಲ್ಲ. ಕಿಟಕಿ ತೆಗೆದು ನೋಡಿ ಬಂದ್ವಿ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಮಾವನ ಹೆಜ್ಜೆ ಕೇಳಿಸಿತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಮ್ಮಿಬ್ಬರ ನಗು ಹೊರಗೆ ಕೇಳಿಸದಿರಲಿ ಎಂದು ನಾನು ನಲ್ಲಿಯನ್ನು ಪೂರ್ತಿ ತಿರುಗಿಸಿದೆ.