ಕಿಟಕಿಗೆ ಹೇಳಿದ ಮಾತು

ಮೆಂಗೊ ಗುಡ್ಡ, ಕಂಪಾಲ
ನವೆಂಬರ್ ೧೪, ಮಂಗಳವಾರ

ನನ್ನ ನಬುಕೀರಾ,

ಹೇಗಿದ್ದೀಯ? ಮಲಗಿದಾಗ ಉಸಿರು ಕಟ್ಟುವುದು ಕಡಿಮೆಯಾಯಿತೇ? ನೈರೋಬಿಯ ಚಳಿಗೆ ಕಾಲುಚೀಲ ಹಾಕಿಕೊ, ಸೋಮಾರಿತನ ಮಾಡಬೇಡ. ಊಟಕ್ಕೆ ಉಪ್ಪಿಲ್ಲವೆಂದು ಅಲ್ಲಿನ ನರ್ಸುಗಳ ಮೇಲೆ ಸಿಡುಕಬೇಡ, ಹಾಗೆ ಹೇಳಿ ಕಳಿಸಿದವನು ನಾನೇ. ಆಪರೇಷನ್ನಿಗೆ ಮುಂಚೆ ಈ ಕಾಗದ ನಿನ್ನ ಕೈಸೇರಲಿ ಎಂದು ಅಂಚೆಗೆ ಹಾಕದೆ ನೈರೋಬಿ ಬಸ್ಸಿನವರ ಹತ್ತಿರ ಕೊಡುತ್ತಿದ್ದೇನೆ.

ಇಲ್ಲಿ ಮಿಡತೆಗಳ ಕಾಲ. ಬೆಳಗಿನ ಮಂಜಿನೊಳಗಿಂದ ಹಸಿರು ಹಸಿರಾಗಿ ಉದುರುತ್ತವೆ, ಹುರಿದು ತಿನ್ನಲೆಂದು ಊರಿಗೆ ಊರೇ ಡಬ್ಬಿ ಹಿಡಿದು ಓಡುತ್ತದೆ. ನಾನು ಮಾತ್ರ ಕನಸಿನಲ್ಲಿ ನಡೆಯುವವನ ಹಾಗೆ ತಿರುಗುತ್ತಿದ್ದೇನೆ. ಕೆಟ್ಟ ಕವಾಟದಿಂದ ರಕ್ತ ಹಿಂದಕ್ಕೆ ಹರಿಯುವ ನಿನ್ನ ಎದೆಯ ಆ ಸುಯ್ ಸದ್ದಿದೆಯಲ್ಲ, ಮದುವೆಯಾದಾಗಿನಿಂದ ಅದನ್ನೇ ಜೋಗುಳ ಮಾಡಿಕೊಂಡು ಮಲಗಿದವನು ನಾನು. ಈಗ ಮನೆಯ ಮೌನಕ್ಕೆ ಎಚ್ಚರವಾಗುತ್ತದೆ. ನೀನಿಲ್ಲದೆ ಬಹಳ ಬೇಸರ ಕಣೇ.

ನಾವು ಡಾಕ್ಟರುಗಳು ಬೆನ್ನುಹತ್ತಿದ ಕಾನೂನಿನ ಸಮಾಚಾರ ಹೇಳಬೇಕು. ಗಂಟಲು ನೋವಿನ ಜ್ವರ ಬಂದು ಕೀಲು ಊದಿಕೊಂಡ ಮಕ್ಕಳಿಗೆ ತಿಂಗಳಿಗೊಂದು ಪೆನಿಸಿಲಿನ್ ಚುಚ್ಚುಮದ್ದು, ಹಳ್ಳಿಯ ಆಸ್ಪತ್ರೆಯಲ್ಲೇ, ನರ್ಸಿನ ಕೈಯಿಂದಲೇ, ಪುಕ್ಕಟೆಯಾಗಿ ಸಿಗಬೇಕು ಎಂದಲ್ಲವೇ ನಾವು ಕೇಳಿದ್ದು? ಚಿಕ್ಕಂದಿನಲ್ಲಿ ನಿನಗೂ ಅದು ಸಿಕ್ಕಿದ್ದರೆ ನಿನ್ನ ಹೃದಯ ಇವತ್ತು ಹೀಗಾಗುತ್ತಿರಲಿಲ್ಲ. ಸಂಸತ್ತಿನ ಸಮಿತಿಯೆದುರು ನಮ್ಮ ಹಿರಿಯ ಡಾಕ್ಟರ್ ಒಪೊಲೊಟ್ ಮಾತಾಡಬೇಕಿತ್ತು. ಮಲೇರಿಯಾ ಅವರನ್ನು ಮಲಗಿಸಿಬಿಟ್ಟಿತು. ಈ ಸಲ ತಪ್ಪಿದರೆ ಮಸೂದೆ ಮೂಲೆ ಸೇರುತ್ತದೆ, ಉಳಿದವನು ನಾನೊಬ್ಬ, ಸಮಿತಿಯ ಅಧ್ಯಕ್ಷೆಯೋ ನಿನ್ನ ಅಮ್ಮ! ಅತ್ತೆ-ಅಳಿಯ ಮುಖ ನೋಡಬಾರದೆಂಬ ನಮ್ಮವರ ಕಟ್ಟಳೆಗೆ ಹೆದರಿ, ಅತ್ತೆ ಮನೆಗೆ ಬಂದರೆ ಬಾಳೆತೋಟದ ಹಿಂದೆ ಅವಿತುಕೊಳ್ಳುವವನು ನಾನು. ಮದುವೆಯಲ್ಲೂ ಅವರ ಮುಖ ನೋಡಿದವನಲ್ಲ. ಒಪೊಲೊಟ್ ಹೊದಿಕೆಯೊಳಗಿಂದಲೇ ನಕ್ಕರು: "ಅತ್ತೇನ ಮುಟ್ಟಿದ್ರೆ ನಿಮ್ಮೋರಿಗೆ ಕೈ ನಡುಗೋ ರೋಗ ಬರುತ್ತಂತಲ್ಲಯ್ಯಾ. ಆಮೇಲೆ ನಾಡಿ ಹೆಂಗೆ ಹಿಡೀತೀಯ?"

ಹೋದೆ. ಅತ್ತೆಗೆ ಬೆನ್ನು ಹಾಕಿ, ಕಿಟಕಿಯ ಕಡೆ ಮುಖ ಮಾಡಿ ನಿಂತೆ. ಎದುರಿನ ಛಾವಣಿಯ ಮೇಲೊಂದು ಬೋಳುತಲೆಯ ಕೊಕ್ಕರೆ ಕೂತಿತ್ತು. ಸಮಿತಿಯ ಸದಸ್ಯ ಕಗ್ವಾ ಸುಮ್ಮನಿರುವ ಆಸಾಮಿಯೇ? "ಡಾಕ್ಟ್ರೇ, ಕಾನೂನು ಮಾಡೋರು ನಾವು, ಆ ಕೊಕ್ಕರೆ ಅಲ್ಲ" ಎಂದ. ಎಲ್ಲರೂ ನಕ್ಕರು. ಆಗ ಹಿಂದಿನಿಂದ ಅತ್ತೆಯ ದನಿ ಬಂತು: "ಅಳಿಯನ ಮುಖ ನೋಡಬಾರದು ಅಂತ ಇದೆ. ಮಾತು ಕೇಳಬಾರದು ಅಂತ ಎಲ್ಲೂ ಇಲ್ಲ. ಹೇಳಲಿ."

ಮೊದಲು ಅಂಕಿ ಅಂಶ ಹೇಳಿದೆ. ಆಕಳಿಕೆಯ ಸದ್ದು ಕೇಳಿಸಿತು. ಇನ್ನು ಕೆಲಸ ಕೆಟ್ಟಿತು ಎನಿಸಿ ಒಬ್ಬ ಹುಡುಗಿಯ ಕತೆ ತೆಗೆದೆ. ಹಲಸಿನ ಮರ ಹತ್ತುತ್ತಿದ್ದವಳಿಗೆ ಒಂದು ವಾರ ಒಂದು ಮಂಡಿ ಊದಿತು, ಮರುವಾರ ಇನ್ನೊಂದು. ಮರಗೆಣಸಿನ ಕೋಲೂರಿಕೊಂಡು ಶಾಲೆಗೆ ಹೋಗಿ ಮುದುಕಿಯ ಹಾಗೆ ಕೆಮ್ಮಿ ತೋರಿಸಿದಳು, ಎಲ್ಲರೂ ನಕ್ಕರು. ನೋವು ಹೋಯಿತು, ಮನೆಯವರು ಮರೆತರು, ಹೃದಯ ಮರೆಯಲಿಲ್ಲ. ಇಷ್ಟೇ ಹೇಳಿದ್ದು. ನಿನ್ನ ಹೆಸರೆತ್ತಲಿಲ್ಲ, ದೇವರಾಣೆ. ನಿಜ ತಿಳಿದರೆ ಅಮ್ಮ ತನ್ನನ್ನೇ ಹಳಿದುಕೊಳ್ಳುತ್ತಾಳೆ, ನೈರೋಬಿಗೆ ಟೀಚರ್ ತರಬೇತಿಗೆ ಹೋಗಿದ್ದೇನೆ ಎಂದುಬಿಡು ಎಂದಿದ್ದೆಯಲ್ಲ, ಆ ಮಾತು ಉಳಿಸಿಕೊಂಡಿದ್ದೇನೆ.

ಹೊರಗೆ ಮೋಡ ಕವಿದು ಕಿಟಕಿಯ ಗಾಜು ಕಪ್ಪಾಯಿತು, ಅದರಲ್ಲಿ ಒಂದು ಮುಖ ಮೂಡಿತು. ನೀನೇ ಬಂದೆಯೇನೋ ಎಂದುಕೊಂಡೆ. ಅದೇ ಹಣೆ, ಅದೇ ಗಲ್ಲ, ಬರೀ ಕೂದಲು ಬೆಳ್ಳಗೆ. ಅತ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಕಣ್ಣು ಮುಚ್ಚಿಕೊಂಡೆ. "ಕಗ್ವಾ, ಆ ಹುಡುಗಿ ಈಗ ಎಲ್ಲಿದಾಳೆ ಕೇಳಪ್ಪ" ಎಂದರು. ದೂರದ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಕಾಯುತ್ತಿದ್ದಾಳೆ ಎಂದೆ. "ಜೊತೆಗೆ ಯಾರಿದಾರೆ ಕೇಳು." ಯಾರೂ ಇಲ್ಲ ಎಂದೆ. ಅತ್ತೆ ಮಸೂದೆಯನ್ನು ಮತಕ್ಕೆ ಹಾಕಿದರು. ಮೊದಲು ಕೈಯೆತ್ತಿದವನು ಕಗ್ವಾನೇ, ಆಮೇಲೆ ಎಲ್ಲರೂ ಎತ್ತಿದರು. ಇನ್ನು ಅದು ಸಂಸತ್ತಿಗೆ ಹೋಗಬೇಕು, ಅಲ್ಲಿ ಏನಾಗುತ್ತದೋ. ಅತ್ತೆಗೆ ತಿಳಿಯಿತೋ ಇಲ್ಲವೋ, ನನಗಂತೂ ಗೊತ್ತಾಗಲಿಲ್ಲ.

ಒಪೊಲೊಟ್ ನಿನ್ನನ್ನು ಕೇಳಿದರೆಂದು ಹೇಳಲು ಹೇಳಿದ್ದಾರೆ. ಧೈರ್ಯವಾಗಿರು. ಹೊಸ ಕವಾಟದ ಸದ್ದು ಹೇಗಿದ್ದರೂ ಸರಿ, ಅದಕ್ಕೂ ನಿದ್ದೆ ಮಾಡುವುದು ಕಲಿಯುತ್ತೇನೆ.

ನಿನ್ನವನೇ ಆದ
ಸೆಮ್ವಂಗ

ತಾ.ಕ.: ಬಸ್ಸಿನ ಮೈಗೆ ಕಾಗದ ಒತ್ತಿ ಬರೆಯುತ್ತಿದ್ದೇನೆ, ಡ್ರೈವರ್ ಅವಸರ ಮಾಡುತ್ತಿದ್ದಾನೆ. ಇಲ್ಲಿ ಬಂದು ನೋಡಿದರೆ ಅತ್ತೆ ಚೀಲ ಹಿಡಿದು ನಿಂತಿದ್ದಾರೆ. ನನ್ನ ಕಡೆ ತಿರುಗದೆ ಕಂಡಕ್ಟರಿಗೆ ಹೇಳಿದರು: "ಆ ಕಾಗದ ನಾನೇ ತಗೊಂಡು ಹೋಗ್ತೀನಿ ಅಂತ ಹೇಳಪ್ಪ. ಮರಗೆಣಸಿನ ಕೋಲು ಕಡಿದುಕೊಟ್ಟೋಳು ನಾನೇ." ಮೆಟ್ಟಿಲು ಹತ್ತುವಾಗ ಅವರ ಕಾಲು ಜಾರಿತು, ನಾನು ಕೈ ಹಿಡಿದುಬಿಟ್ಟೆ. ಅವರು ಬಿಡಿಸಿಕೊಳ್ಳಲಿಲ್ಲ. ಅಕ್ಷರ ನಡುಗಿದೆ, ಹೇಗಾದರೂ ಓದಿಕೊ. ಇದನ್ನು ನರ್ಸಿನ ಕೈಲಿ ಒಳಗೆ ಕಳಿಸಿ ಬಾಗಿಲಾಚೆ ಕೂತಿರುತ್ತಾರಂತೆ, ನೀನು ಕರೆಯುವ ತನಕ ಒಳಗೆ ಬರುವುದಿಲ್ಲವಂತೆ. ಕರೆ.