ಗಿಳಿಗಳ ಹಿಂದಿನ ಮರ

ಪಲವಾನ್, ಕಡಲ ದಂಡೆ
ಏಪ್ರಿಲ್ ೧೪, ಸೋಮವಾರ ಸಂಜೆ

ಪ್ರೀತಿಯ ಡಿಂಡೊ,

ಆರೋಗ್ಯವಾಗಿದ್ದೀಯಾ? ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೀಯಾ? ಪುಯೆರ್ಟೊ ಪ್ರಿನ್ಸೆಸಾ ಪಟ್ಟಣದಲ್ಲಿ ಗಾರೆ ಕೆಲಸ ಸಿಕ್ಕಿತೆಂದು ನೀನು ಹೇಳಿ ಹೋದದ್ದನ್ನು ಅಮ್ಮ ಇನ್ನೂ ನಂಬಿದ್ದಾಳೆ. ನಿನ್ನ ಪಾಲಿನ ಒಣಮೀನು ಎತ್ತಿಡುತ್ತಾಳೆ, ಪಾಪ. ನಾನೂ ನಂಬಿದ್ದೆ, ನಿನ್ನೆಯವರೆಗೆ.

ನಿನ್ನೆ ಸಂಜೆ ಎಂದಿನಂತೆ ದೋಣಿಯಲ್ಲಿ ಕೂತು, ಎದುರಿನ ದ್ವೀಪಕ್ಕೆ ಮಲಗಲು ಬರುವ ಬಿಳಿ ಗಿಳಿಗಳ ಫೋಟೋ ತೆಗೆಯುತ್ತಿದ್ದೆ. ಗಿಳಿ ಕಾವಲಿನ ಕಾರ್ಡಿಂಗ್ ಮಾಮ ಕ್ಯಾಮೆರಾ ಕೊಟ್ಟಾಗಿನಿಂದ ನನಗೆ ಅದೇ ಹುಚ್ಚು. “ಏನವ್ವಾ ಮಿಲಾ, ಗಿಳಿಗಳಿಗೆಲ್ಲ ಮದ್ವೆ ಫೋಟೋ ತೆಗೀತಿದ್ಯಾ?” ಎಂದು ರೇಗಿಸುತ್ತಾನೆ. ರೆಕ್ಕೆ ಬಿಚ್ಚಿ ಇಳಿಯುವಾಗ ಬಾಲದಡಿಯ ಕೆಂಪು ಕಾಣಬೇಕು. ಅದಕ್ಕಾಗಿ ಉಸಿರು ಬಿಗಿಹಿಡಿದು ಕಾಯುತ್ತೇನೆ. ಮನೆಗೆ ಬಂದು ಒಂದು ಫೋಟೋ ದೊಡ್ಡದು ಮಾಡಿ ನೋಡಿದರೆ, ಗಿಳಿಗಳ ಹಿಂದೆ ಗೂಡಿನ ಮರ, ಮರದ ಮೇಲೊಬ್ಬ, ಪೊಟರೆಯೊಳಗೆ ಭುಜದವರೆಗೆ ಕೈ. ನನ್ನ ತಮ್ಮನ ಮುಖ ನನಗೆ ಗೊತ್ತಾಗುವುದಿಲ್ಲವೇ ಡಿಂಡೊ?

ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಕ್ಯಾಮೆರಾ ತೆಗೆಯುತ್ತೇನೆ, ನೋಡುತ್ತೇನೆ, ಮತ್ತೆ ಮುಚ್ಚಿಡುತ್ತೇನೆ. ಮಧ್ಯಾಹ್ನ ಅನ್ನ ಸೀದುಹೋಯಿತು. ನಾಳೆ ಬೆಳಿಗ್ಗೆ ಕಾರ್ಡಿಂಗ್ ಮಾಮ ಫೋಟೋಗಳನ್ನು ಒಯ್ಯಲು ಬರುತ್ತಾನೆ. ಅಳಿಸಿಬಿಡಲೇ ಎಂದು ಗುಂಡಿಯ ಮೇಲೆ ಬೆರಳಿಟ್ಟೆ, ಮನಸ್ಸು ಬರಲಿಲ್ಲ. ಮರಿ ಕದ್ದು ಮಾರುವವರ ದೆಸೆಯಿಂದ ಈ ವರ್ಷ ದ್ವೀಪದಲ್ಲಿ ಮರಿಯಿರುವ ಗೂಡುಗಳೇ ಬೆರಳೆಣಿಕೆಯಷ್ಟು. ನಿನ್ನ ಮೇಲೆ ಕೆಂಡದಂಥ ಸಿಟ್ಟು ಬಂದಿದೆ. ನೀನು ಜೈಲಿಗೆ ಹೋದರೆ ಅಮ್ಮ ಉಳಿಯುವುದಿಲ್ಲವೆಂಬ ಹೆದರಿಕೆಯೂ ಇದೆ. ಪ್ರಿನ್ಸೆಸಾ ಎಂದು ಇನ್ನು ಕತೆ ಕಟ್ಟಬೇಡ. ನಿನ್ನ ಗೆಳೆಯ ಜುನ್ರೆಲ್ ಬೆಳಿಗ್ಗೆ ಅಂಗಡಿಯಲ್ಲಿ ಸಿಗರೇಟು ಕೊಂಡ, ಅವನೆಂದೂ ಸೇದಿದವನಲ್ಲ. ಅದು ನಿನಗೇ, ನೀನು ಇಲ್ಲೇ ಎಲ್ಲೋ ಅಡಗಿದ್ದೀಯ. ಈ ಪತ್ರವನ್ನು ಅವನ ಕೈಗೇ ಕೊಡುತ್ತೇನೆ.

ಮೇರಿಯಮ್ಮ ನಿನ್ನನ್ನು ಕಾಯಲಿ, ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ಮಿಲಾ

ಮತ್ತೆ: ಪತ್ರ ಮಡಿಸುವಾಗ ಹಂದಿಗೂಡಿನ ಹಿಂದೆ ಕೀರಲು ದನಿ ಕೇಳಿ ಓಡಿದೆ. ನಿನ್ನ ಬುಟ್ಟಿ, ಅದರೊಳಗೆ ಮರಿ. ಫೋಟೋ ತೆಗೆಯುವವಳ ಮನೆಯಲ್ಲಿ ಯಾರು ಹುಡುಕುತ್ತಾರೆ ಅಂದುಕೊಂಡೆಯಾ, ಕಳ್ಳ? ಬದುಕಿದೆ. ಗಂಜಿ ಕುಡಿಸಿದ್ದೇನೆ. ಆ ಮರ ಹತ್ತಲು ನನಗೆ ಬರುವುದಿಲ್ಲ, ನಿನಗೆ ಬರುತ್ತದೆ. ನಾಳೆ ಬೆಳಕು ಹರಿಯುವಾಗ, ಮಾಮ ಬರುವ ಮೊದಲೇ, ಬುಟ್ಟಿ ಹಿಡಿದು ದೋಣಿಯ ಹತ್ತಿರ ನಿಂತಿರುತ್ತೇನೆ. ನೀನು ಬಾರದಿದ್ದರೆ ಮರಿ, ಫೋಟೋ ಎರಡೂ ಕಾರ್ಡಿಂಗ್ ಮಾಮನಿಗೆ. ಬಂದರೂ ಆ ಫೋಟೋ ಅಳಿಸುವುದಿಲ್ಲ. ನೀನು ಮರಿಯನ್ನು ಗೂಡಿಗೆ ಬಿಡುವ ಫೋಟೋವನ್ನೂ ತೆಗೆಯುತ್ತೇನೆ. ಮಾಮ ಎರಡನ್ನೂ ನೋಡಲಿ. ಬಾ.